ಏಳೇ ದಿನದಲ್ಲಿ ‘ಕೊರಿಯನ್ ಗ್ಲಾಸ್ ಸ್ಕಿನ್’: ಕ್ರೀಮ್, ಇಂಜೆಕ್ಷನ್, ಅಕ್ಕಿ ನೀರು – ಯಾವುದು ನಿಜ, ಯಾವುದು ಅಪಾಯ?

‘ಕೊರಿಯಾದ ಹುಡುಗಿಯರ ಗುಟ್ಟು ಇಲ್ಲಿದೆ, ಏಳು ದಿನದಲ್ಲಿ ಮುಖ ಹಾಲಿನಂತೆ ಬೆಳ್ಳಗೆ’ ಎನ್ನುವ ಸಂದೇಶ, ರೀಲ್ಸ್ ನಿಮ್ಮ ಫೋನಿಗೂ ಬಂದಿರಬಹುದು. ಕೆಲವದರಲ್ಲಿ ಅಕ್ಕಿ ತೊಳೆದ ನೀರು, ಕೆಲವದರಲ್ಲಿ ಹೆಸರೇ ಕೇಳಿರದ ಕ್ರೀಮ್, ಇನ್ನು ಕೆಲವದರಲ್ಲಿ ‘ಗ್ಲೂಟಾಥಯೋನ್’ ಇಂಜೆಕ್ಷನ್. ಮದುವೆ ಸೀಸನ್ ಬಂತೆಂದರೆ ಇವು ಇನ್ನೂ ಜಾಸ್ತಿ. ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಚಿಕ್ಕದಾಗಿ ಹೇಳುವುದಾದರೆ: ಚರ್ಮದ ಹೊಳಪು ಹೆಚ್ಚಿಸಬಹುದು, ಬಿಸಿಲ ಕಪ್ಪು ಮತ್ತು ಕಲೆಗಳನ್ನು ತಿಳಿಯಾಗಿಸಬಹುದು. ಆದರೆ ಹುಟ್ಟಿನಿಂದ ಬಂದ ಬಣ್ಣವನ್ನು ಸುರಕ್ಷಿತವಾಗಿ ಬದಲಿಸುವ ಕ್ರೀಮ್ ಯಾವ ದೇಶದಲ್ಲೂ ಇಲ್ಲ. ವಾರದೊಳಗೆ ಮುಖ ಬೆಳ್ಳಗಾಗುತ್ತಿದ್ದರೆ ಅದರಲ್ಲಿ ಪಾದರಸವೋ ಸ್ಟೀರಾಯ್ಡೋ ಇರುವ ಅನುಮಾನ ಬಲವಾಗಿರಬೇಕು.

ಬಣ್ಣ ಎಲ್ಲಿಂದ ಬರುತ್ತದೆ?

ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕೊರಿಯನ್ನರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ಎಷ್ಟು ಮೆಲನಿನ್ ಮಾಡುತ್ತವೆ, ಯಾವ ಬಗೆಯದು ಮಾಡುತ್ತವೆ ಎನ್ನುವುದರಲ್ಲಿ ವ್ಯತ್ಯಾಸ. ಅದನ್ನು ನಿರ್ಧರಿಸುವುದು ವಂಶವಾಹಿ.

ಮೆಲನಿನ್ ದೋಷವಲ್ಲ, ಅದು ಕೊಡೆ. ಸೋಲ್ ನಗರ ಇರುವುದು ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನೇತ್ರಾವತಿ, ಕುಮಾರಧಾರಾ ಕೂಡುವ ಉಪ್ಪಿನಂಗಡಿ ಇರುವುದು 13 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮಲ್ಲಿ ಸೂರ್ಯನ ನೇರಳಾತೀತ ಕಿರಣಗಳ ಹೊಡೆತ ವರ್ಷವಿಡೀ ಹೆಚ್ಚು. ಆ ಕಿರಣಗಳು ಚರ್ಮದ ಕೋಶಗಳನ್ನು ಕೆಡಿಸದಂತೆ ತಡೆಯುವುದು ಇದೇ ಮೆಲನಿನ್.

‘ಗ್ಲಾಸ್ ಸ್ಕಿನ್’ ಅಂದರೆ ಬಿಳಿ ಚರ್ಮವೇ?

ಅಲ್ಲ. ತೇವಾಂಶ ತುಂಬಿ, ನುಣುಪಾಗಿ, ಬೆಳಕು ಬಿದ್ದಾಗ ಗಾಜಿನಂತೆ ಹೊಳೆಯುವ ಚರ್ಮಕ್ಕೆ ಆ ಹೆಸರು. ಒಣಗಿದ, ಒರಟಾದ ಚರ್ಮದಲ್ಲಿ ಬೆಳಕು ಚದುರಿ ಮುಖ ಮಂಕಾಗಿ ಕಾಣುತ್ತದೆ. ನುಣುಪಾದ ಚರ್ಮ ಕಪ್ಪಿರಲಿ, ಎಣ್ಣೆಗೆಂಪಿರಲಿ, ಹೊಳೆಯುತ್ತದೆ. ವಿಡಿಯೋದಲ್ಲಿ ಕಾಣುವುದರಲ್ಲಿ ಮೇಕಪ್, ಲೈಟು ಮತ್ತು ಫಿಲ್ಟರಿನ ಪಾಲೂ ದೊಡ್ಡದು.

ಕೊರಿಯಾದಲ್ಲೂ ಬಿಳಿ ಬಣ್ಣದ ಮೋಹ ಹಳೆಯದೇ. ಹೊಲದಲ್ಲಿ ದುಡಿಯುವವರು ಕಪ್ಪು, ಮನೆಯೊಳಗೆ ಕೂರುವ ಸಿರಿವಂತರು ಬಿಳುಪು ಎಂಬ ಲೆಕ್ಕಾಚಾರ ಅಲ್ಲೂ ಇತ್ತು, ಇಲ್ಲೂ ಇತ್ತು. ನಮ್ಮಲ್ಲಿ ‘ಫೇರ್ ಆಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ವರ್ಣಭೇದದ ವಿರುದ್ಧ ಜಗತ್ತಿನಾದ್ಯಂತ ದನಿ ಎದ್ದ 2020ರಲ್ಲಿ ಅದರ ಹೆಸರು ‘ಗ್ಲೋ ಆಂಡ್ ಲವ್ಲಿ’ ಆಯಿತು. ಮಾರುಕಟ್ಟೆಯಲ್ಲಿ ‘ಫೇರ್’ ಹೋಗಿ ‘ಗ್ಲೋ’, ‘ಬ್ರೈಟ್’, ‘ಕೊರಿಯನ್’ ಎಂಬ ಪದಗಳು ಬಂದವು. ಆಸೆ ಮಾತ್ರ ಹಳೆಯದೇ.

ಕೊರಿಯಾದ ಕಾನೂನಿನಲ್ಲಿ ಚರ್ಮ ತಿಳಿಯಾಗಿಸುವ ಕ್ರೀಮ್‌ಗಳು ಬೇರೆಯೇ ವರ್ಗ. ಅವುಗಳಲ್ಲಿ ಬಳಸಬಹುದಾದ ಅಂಶಗಳಿಗೆ ಪ್ರಮಾಣ ಗೊತ್ತುಮಾಡಲಾಗಿದೆ. ಉದಾಹರಣೆಗೆ, ನಯಾಸಿನಮೈಡ್ ಶೇ 2ರಿಂದ 5. ಇಂಥವು ಕಲೆಗಳನ್ನು ಸ್ವಲ್ಪ ತಿಳಿಗೊಳಿಸುತ್ತವೆ, ಅದಕ್ಕೂ ವಾರಗಟ್ಟಲೆ ಬೇಕು. ನೈಜ ಕೊರಿಯನ್ ಕ್ರೀಮ್ ಕೂಡ ಏಳು ದಿನದಲ್ಲಿ ಬಣ್ಣ ಬದಲಿಸುವುದಿಲ್ಲ.

ಕೋಟ್ಟಕ್ಕಲ್‌ನಲ್ಲಿ ಏನಾಯಿತು?

ಇದು ದೂರದ ಕಥೆಯಲ್ಲ. ಕಾಸರಗೋಡು ದಾಟಿ ಅದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್, ಆಯುರ್ವೇದಕ್ಕೆ ಹೆಸರಾದ ಊರು. ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ‘ಮೆಂಬ್ರೇನಸ್ ನೆಫ್ರೋಪತಿ’ ಎಂಬ ಕಾಯಿಲೆಯ 22 ಪ್ರಕರಣಗಳನ್ನು ಪರಿಶೀಲಿಸಿದರು. ಈ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಪದರ ಹಾಳಾಗಿ, ದೇಹದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ.

22 ಜನರ ಪೈಕಿ 15 ಮಂದಿಯಲ್ಲಿ ‘ನೆಲ್-1’ ಎಂಬ ವಿರಳ ಬಗೆ ಕಂಡಿತು. ಆ 15ರಲ್ಲಿ 13 ಮಂದಿ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ಸುಸ್ತು, ಸ್ವಲ್ಪ ಬಾವು, ನೊರೆನೊರೆಯಾದ ಮೂತ್ರ – ಹೆಚ್ಚಿನವರಿಗೆ ಇದ್ದ ಲಕ್ಷಣ ಇಷ್ಟೇ. ಒಬ್ಬರಿಗೆ ಮಾತ್ರ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ತನಕ ಹೋಯಿತು. ಈ ಅಧ್ಯಯನ ‘ಕಿಡ್ನಿ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸಮಾಧಾನದ ಸಂಗತಿಯೂ ಅದರಲ್ಲಿದೆ: ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಹೆಸರಿನಲ್ಲಿ ಸೌಂದರ್ಯವರ್ಧಕ ಅಂಗಡಿಗಳಲ್ಲಿ ತಪಾಸಣೆಯನ್ನೂ ನಡೆಸಿತು.

ಪಾದರಸ ಕ್ರೀಮಿಗೆ ಏಕೆ ಬರುತ್ತದೆ?

ಮೆಲನಿನ್ ತಯಾರಾಗಲು ‘ಟೈರೋಸಿನೇಸ್’ ಎಂಬ ಕಿಣ್ವ ಬೇಕು. ಪಾದರಸ ಅದನ್ನು ಕಟ್ಟಿಹಾಕುತ್ತದೆ. ಹಾಗಾಗಿ ಬಣ್ಣ ಬೇಗ ತಿಳಿಯಾಗುತ್ತದೆ, ಕ್ರೀಮ್ ‘ಕೆಲಸ ಮಾಡಿತು’ ಎಂದು ನೀವು ಅಕ್ಕನಿಗೂ ಗೆಳತಿಗೂ ಹೇಳುತ್ತೀರಿ. ಅಷ್ಟರಲ್ಲಿ ಚರ್ಮದ ಮೂಲಕ ರಕ್ತಕ್ಕೆ ಇಳಿದ ಪಾದರಸ ಕಿಡ್ನಿಯಲ್ಲಿ ಸೇರಿಕೊಳ್ಳುತ್ತಿರುತ್ತದೆ. ನರಗಳಿಗೂ, ಗರ್ಭದಲ್ಲಿರುವ ಮಗುವಿಗೂ ಅದು ವಿಷ. ಕ್ರೀಮ್ ಹಚ್ಚಿದವರ ಟವೆಲ್, ದಿಂಬು, ಕೈಗಳ ಮೂಲಕ ಮನೆಯ ಮಕ್ಕಳಿಗೂ ತಗುಲಬಹುದು.

ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಹಾಕುವಂತಿಲ್ಲ. ತಿಳಿಯದೆ ಸೇರಿದರೂ 10 ಲಕ್ಷದಲ್ಲಿ 1 ಭಾಗ ಮೀರಬಾರದು. ಆದರೆ ಜಗತ್ತಿನ ಬೇರೆ ಬೇರೆ ಕಡೆ ಪರೀಕ್ಷೆಗೆ ಒಳಗಾದ ಕೆಲವು ಕ್ರೀಮ್‌ಗಳಲ್ಲಿ ಈ ಮಿತಿಯ ಸಾವಿರಾರು ಪಟ್ಟು ಸಿಕ್ಕಿದೆ.

ಸ್ಟೀರಾಯ್ಡ್ ಕ್ರೀಮ್: ಮೆಡಿಕಲ್ ಶಾಪಿನದಾದರೂ ಎಚ್ಚರ

ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಇಸಬಿನಂಥ ಕಾಯಿಲೆಗೆ, ಕೆಲವೊಮ್ಮೆ ಭಂಗಿಗೆ, ವೈದ್ಯರು ಇಷ್ಟು ದಿನ ಎಂದು ಲೆಕ್ಕ ಹಾಕಿ ಕೊಡುವ ಮದ್ದು ಅದು. ಸ್ನೋ ಹಚ್ಚಿದ ಹಾಗೆ ದಿನವೂ ಹಚ್ಚಿದರೆ ಮೊದಲು ಮುಖ ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ. ಈ ತೊಂದರೆ ನಮ್ಮ ದೇಶದಲ್ಲಿ ಎಷ್ಟಿದೆಯೆಂದರೆ, ಚರ್ಮತಜ್ಞರು ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂದೇ ಅದಕ್ಕೆ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು.

ಗ್ಲೂಟಾಥಯೋನ್ ಇಂಜೆಕ್ಷನ್

ಗ್ಲೂಟಾಥಯೋನ್ ನಮ್ಮ ದೇಹವೇ ತಯಾರಿಸುವ ವಸ್ತು. ಅದನ್ನು ರಕ್ತನಾಳಕ್ಕೆ ಹಾಕಿದರೆ ಶಾಶ್ವತವಾಗಿ ಬೆಳ್ಳಗಾಗುತ್ತೀರಿ ಎನ್ನಲು ಗಟ್ಟಿ ಪುರಾವೆ ಇಲ್ಲ. ಬಣ್ಣಕ್ಕಾಗಿ ಈ ಇಂಜೆಕ್ಷನ್ ಬಳಸುವುದರ ಬಗ್ಗೆ ಫಿಲಿಪ್ಪೀನ್ಸ್ 2011ರಲ್ಲೇ ಎಚ್ಚರಿಕೆ ಕೊಟ್ಟಿತ್ತು – ಕಿಡ್ನಿ, ಥೈರಾಯ್ಡ್ ತೊಂದರೆ, ಚರ್ಮ ಸುಲಿದು ಬರುವ ಗಂಭೀರ ಅಲರ್ಜಿ ಅದರ ಪಟ್ಟಿಯಲ್ಲಿದ್ದವು. ಭಾರತದ ಕಾನೂನಿನಲ್ಲಿ ಕಾಸ್ಮೆಟಿಕ್ ಎಂದರೆ ಮೈಗೆ ಹಚ್ಚುವ, ಸವರುವ, ಸಿಂಪಡಿಸುವ ವಸ್ತು. ಸೂಜಿಯಲ್ಲಿ ಚುಚ್ಚುವುದು ಅದರೊಳಗೆ ಬರುವುದೇ ಇಲ್ಲ. ಬ್ಯೂಟಿ ಪಾರ್ಲರಿನಲ್ಲಿ ಡ್ರಿಪ್ ಹಾಕಿಸಿಕೊಳ್ಳಬೇಡಿ.

ಮನೆಮದ್ದುಗಳು

- ಅಕ್ಕಿ ತೊಳೆದ ನೀರು: ನಮ್ಮಲ್ಲಿ ಅಕ್ಕಚ್ಚಾಗಿ ಹಟ್ಟಿಯ ದನಕ್ಕೆ ಹೋಗುವ ಅದೇ ನೀರು. ಹಚ್ಚಿದರೆ ಮುಖ ಕೊಂಚ ನುಣುಪೆನಿಸಬಹುದು. ಬಣ್ಣ ಬದಲಾಗದು.
- ಲಿಂಬೆ ರಸ: ಬೇಡ. ಅದು ತೀರಾ ಆಮ್ಲೀಯ. ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು.
- ಅಡುಗೆ ಸೋಡಾ, ಟೂತ್‌ಪೇಸ್ಟ್: ಬೇಡ. ಚರ್ಮದ ರಕ್ಷಣಾ ಪದರ ಕೆಡುತ್ತದೆ.

ಹಾಗಾದರೆ ಏನು ಮಾಡಬಹುದು?

- ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಇದಿಲ್ಲದೆ ಕಲೆಗಳು ತಿಳಿಯಾಗುವುದು ಕಷ್ಟ.
- ತೋಟದ ಕೆಲಸಕ್ಕೆ ಹೋಗುವವರು ಅಗಲ ಅಂಚಿನ ಟೋಪಿ ಹಾಕಿ. ಮುಟ್ಟಾಳೆ ನೆತ್ತಿಯನ್ನು ಕಾಯುತ್ತದೆ, ಕೆನ್ನೆಯನ್ನಲ್ಲ.
- ಸೌಮ್ಯ ಸೋಪು, ಸಾದಾ ಮಾಯಿಶ್ಚರೈಸರ್. ಗ್ಲಾಸ್ ಸ್ಕಿನ್ನಿನ ಅರ್ಧ ಗುಟ್ಟು ಇಷ್ಟೇ.
- ಭಂಗು, ಹಠಾತ್ ಕಪ್ಪಾಗುವಿಕೆ ಇದ್ದರೆ ಚರ್ಮತಜ್ಞರನ್ನು ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಲು ಮಂಗಳೂರಿನ ವೆನ್ಲಾಕ್ ಇದೆ.

ಕ್ರೀಮ್ ಕೊಳ್ಳುವಾಗ ನೋಡಿ

ತಯಾರಕರ ವಿಳಾಸ, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ – ಇವಿಲ್ಲದಿದ್ದರೆ ಬಿಡಿ. ‘ಮರ್ಕ್ಯುರಿ’, ‘ಕ್ಯಾಲೊಮೆಲ್’ ಎಂಬ ಪದಗಳು ಪಾದರಸದ ಗುರುತು. ‘ಬೆಳ್ಳಿ, ಚಿನ್ನಕ್ಕೆ ತಾಗಿಸಬೇಡಿ’ ಎಂಬ ಸೂಚನೆ ಇದ್ದರೂ ಅಷ್ಟೇ. ಗಲ್ಫಿನಿಂದ ನೆಂಟರು ಪ್ರೀತಿಯಿಂದ ತಂದುಕೊಟ್ಟ ಡಬ್ಬಿಗೂ ಇದೇ ಪರೀಕ್ಷೆ.

ಈಗಾಗಲೇ ಹಚ್ಚುತ್ತಿದ್ದರೆ?

ಗುರುತಿಲ್ಲದ ಕ್ರೀಮ್ ಆಗಿದ್ದರೆ ಇಂದೇ ನಿಲ್ಲಿಸಿ. ಡಬ್ಬಿಯನ್ನು ಎಸೆಯದೆ, ಸುಡದೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ವೈದ್ಯರ ಬಳಿಗೆ ಒಯ್ಯಿರಿ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಸಣ್ಣ ಲ್ಯಾಬಿನಲ್ಲೂ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಕಾಲು, ಕಣ್ಣಿನ ಸುತ್ತ ಬಾವು ಅಥವಾ ಮೂತ್ರದಲ್ಲಿ ನೊರೆ ಇದ್ದರೆ ತಡಮಾಡಬೇಡಿ, ‘ಕ್ರೀಮ್ ಹಚ್ಚುತ್ತಿದ್ದೆ’ ಎಂದು ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಕಾರಣ ಪತ್ತೆಯಾಗುವುದು ತಡವಾಗುತ್ತದೆ. ಸ್ಟೀರಾಯ್ಡ್ ಕ್ರೀಮನ್ನು ಬಹಳ ಕಾಲ ಹಚ್ಚಿದ್ದವರು ಹೇಗೆ ಬಿಡಬೇಕೆಂದು ವೈದ್ಯರನ್ನೇ ಕೇಳಿ.

ತೀರ್ಮಾನ: ‘ಏಳು ದಿನದಲ್ಲಿ ಕೊರಿಯನ್ ಬಿಳುಪು’ ಎಂಬ ಸಂದೇಶ ಸುಳ್ಳು, ಕೆಲವೊಮ್ಮೆ ಅಪಾಯಕಾರಿ. ಮನೆಯ ಗ್ರೂಪಿಗೆ ಅದು ಬಂದರೆ ಉತ್ತರವಾಗಿ ಈ ಲೇಖನವನ್ನು ಕಳಿಸಿ, ಮುಖ್ಯವಾಗಿ ಮದುವೆ ಗೊತ್ತಾದ ಹುಡುಗಿ ಇರುವ ಮನೆಗೆ.