ಮಾತು ಕಲಿತ ಬೋಧಕರು, ಅನ್ನ ಕೇಳಿದ ಪ್ರಶ್ನೆ

ಕ್ರೈಸ್ತ ಧರ್ಮಪ್ರಚಾರಕ್ಕೆ ದಾರಿಗಳು ಎರಡು: ಒಂದು ಮಾತು, ಇನ್ನೊಂದು ನಡೆ. ಇವೆರಡೂ ಎಷ್ಟು ಕಠಿಣವೆಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿಗೆ ಅರಿವಾದದ್ದು ನಮ್ಮ ಕರಾವಳಿಯಲ್ಲಿ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬೋಧಕರು ಮಂಗಳೂರಿಗೆ ಬಂದಿಳಿದಾಗ ಅವರಿಗೆ ಇಲ್ಲಿಯ ಜನರ ಮಾತೇ ತಿಳಿದಿರಲಿಲ್ಲ.

ಪರಭಾಷೆಯ ಉಪದೇಶ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1843ರಲ್ಲಿ ಅವರು ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯಾಯಿತು. ಏಸುವಿನ ಸಂದೇಶ ಸಾರಲು ಬಂದವರು 1850ರಲ್ಲಿ ಹರಿದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕೇಳುಗರ ನಂಬಿಕೆಯನ್ನು ಅರಿಯದೆ ತಮ್ಮ ನಂಬಿಕೆಯನ್ನು ಹೇಳುವುದೆಂತು? 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಏಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಪದ್ಯಗಳಲ್ಲಿ ಹೇಳಿದರು. 1894ರಲ್ಲಿ ಪ್ರಕಟವಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಇಂದು ಅದನ್ನು ಬಳಸುವ ಬಹುತೇಕರಿಗೆ ಅದರ ಕರ್ತೃವಿನ ಮತ ನೆನಪಿಗೂ ಬರುವುದಿಲ್ಲ.

ಆದರೆ ಮಾತಿಗೆ ಒಲಿದು ದೀಕ್ಷಾಸ್ನಾನ ಪಡೆದವರ ಪಾಡೇನು? ಜಾತಿಯವರು ದೂರವಿಟ್ಟರು, ಮನೆಯ ಬಾಗಿಲು ಮುಚ್ಚಿತು. ಹಲವರು ಕಳ್ಳು ಇಳಿಸುವ ಕಸುಬಿನವರು. ಆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಬೋಧನೆಯಿಂದ ಕೆಲಸ ಕಳೆದುಕೊಂಡವನಿಗೆ ಬರೀ ಬೋಧನೆ ಸಾಲದು. ಹೀಗಾಗಿ ಮಗ್ಗಗಳು ಬಂದವು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅವರ ಹೆಂಚಿನ ಕಾರ್ಖಾನೆ ಆರಂಭವಾಯಿತು. ನೇತ್ರಾವತಿ ದಂಡೆಯ ಜೇಡಿಮಣ್ಣು ಹಲವು ಕುಟುಂಬಗಳಿಗೆ ಅನ್ನವಾಯಿತು.

ಇಲ್ಲೊಂದು ಇಕ್ಕಟ್ಟೂ ಇತ್ತು. ಭಾನುವಾರ ಉಪದೇಶ ಕೊಡುವ ಮಿಶನ್ನೇ ಸೋಮವಾರ ಸಂಬಳ ಕೊಡುವ ಧಣಿ. ಹಾಗಾದರೆ ನಂಬಿಕೆ ಹೃದಯದ್ದೋ, ಹೊಟ್ಟೆಯದ್ದೋ? ಧರ್ಮಕ್ಕೂ ವ್ಯಾಪಾರಕ್ಕೂ ಏನು ಸಂಬಂಧವೆಂಬ ಚರ್ಚೆ ಮಿಶನ್ನಿನ ಒಳಗೂ ನಡೆದಿತ್ತು.

ಈ ಪ್ರಶ್ನೆಗೆ ಉತ್ತರ ದೊರೆತದ್ದು ಚರ್ಚೆಯಿಂದಲ್ಲ, ಯುದ್ಧದಿಂದ. ಮೊದಲನೇ ಮಹಾಯುದ್ಧ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಬೋಧಕರನ್ನು ಬಂಧಿಸಿ ಹೊರಕಳಿಸಿತು. 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬೋಧಿಸಿದವರೂ ಇಲ್ಲ, ಸಂಬಳ ಕೊಡುವ ಮಿಶನ್ನೂ ಇಲ್ಲ. ಆದರೂ ಪ್ರಾರ್ಥನೆ ನಿಲ್ಲಲಿಲ್ಲ. ಸ್ಥಳೀಯರೇ ಸಭೆಗಳನ್ನು ನಡೆಸಿಕೊಂಡು ಬಂದರು. ಕೂಲಿಗಾಗಿ ಮಾತ್ರ ಬಂದ ನಂಬಿಕೆಯಾಗಿದ್ದರೆ ಅದು ಧಣಿಯೊಂದಿಗೇ ಹಡಗು ಹತ್ತಬೇಕಿತ್ತು.