‘ಕೈ ಕೈ ಹಿಡಿದು ದುಂಡಗ ನಿಲ್ರಿ’: ಒಂದು ಆಟದ ಹಿಂದಿನ ಚರಿತ್ರೆ

ಬರಹ ಸ್ವಲ್ಪ ಉದ್ದ ಐತಿ. ಮನೆಯಲ್ಲಿ ಸಾಲಿಗೆ ಹೋಗೋ ಮಗು ಇದ್ದವರು ಪೂರ್ತಿ ಓದ್ರಿ.

ಬೇಸಿಗೆ ರಜೆ ಮುಗಿದು ಸಾಲಿ ಶುರುವಾದ ವಾರ ನಮ್ಮ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಶಿಕ್ಷಕರ ವಾಟ್ಸಾಪ್ ಸ್ಟೇಟಸ್ ನೋಡಿದರೆ ಒಂದೇ ಬಗೆಯ ಫೋಟೋ. ಒಂದನೇ, ಎರಡನೇ ತರಗತಿ ಮಕ್ಕಳು ಕೈ ಹಿಡಿದು ದುಂಡಗೆ ನಿಂತಿರ್ತಾರೆ. ನಡುವೆ ಅಕ್ಕೋರು ಒಂದು ಚೆಂಡು ಹಿಡಿದಿರ್ತಾರೆ. ಚೆಂಡು ಯಾರ ಕೈಗೆ ಬರ್ತೈತೋ ಅವರು ತಮ್ಮ ಹೆಸರು ಹೇಳಬೇಕು, ಇನ್ನೊಬ್ಬರ ಹೆಸರು ಕೂಗಿ ಅವರಿಗೆ ಎಸೀಬೇಕು. ತರಬೇತಿಯಲ್ಲಿ ಇದಕ್ಕೆ ‘ಐಸ್ ಬ್ರೇಕರ್’ ಅಂತಾರೆ. ನಾವು ಪರಿಚಯದ ಆಟ ಅನ್ನೋಣ.

ಫೋಟೋ ನೋಡಿದ ಕೆಲವರ ಮಾತು: “ಸಾಲಿಗೆ ಕಳಿಸಿದ್ದು ಅಕ್ಷರ ಕಲೀಲಿ ಅಂತ, ಕುಣೀಲಿ ಅಂತಲ್ಲ.” ನಮ್ಮ ಕೇರಿಯವರೂ ಇದನ್ನೇ ಹೇಳ್ತಾರೆ. ಅವರ ಸಿಟ್ಟು ನನಗೆ ಅರ್ಥ ಆಗ್ತೈತಿ. ಅಕ್ಷರಕ್ಕಾಗಿ ನಮ್ಮ ಹಿರಿಯರು ಪಟ್ಟ ಪಾಡು ಸಣ್ಣದಲ್ಲ. ಆದರೆ ಅದೇ ಹಿರಿಯರ ಚರಿತ್ರೆ ತೆಗೆದು ನೋಡಿದರೆ, ಅವರಿಗೆ ಸಿಗದೆ ಹೋದದ್ದು ಅಕ್ಷರ ಒಂದೇ ಅಲ್ಲ. ಪಕ್ಕದಲ್ಲಿ ಕೂತವನ ಕೈ ಸಹ ಸಿಗಲಿಲ್ಲ.

ರಾಯಬಾಗದ ಬಿಸಿಲಿನಾಗ ಒಡೀಲಿಕ್ಕೆ ಐಸ್ ಎಲ್ಲಿಂದ ಬಂತ್ರಿ? ಇಲ್ಲಿ ಮಕ್ಕಳ ನಡುವೆ ಹೆಪ್ಪುಗಟ್ಟಿದ್ದಕ್ಕೆ ಬೇರೆ ಹೆಸರೈತಿ. ಅದು ಜಾತಿ. ಅದು ತರಗತಿಯೊಳಗೆ ಹೆಂಗ ಕೂತಿತ್ತು ಅಂತ ಒಂದೊಂದಾಗಿ ಹೇಳ್ತೀನಿ.

*1856, ಧಾರವಾಡ*

ಆಗ ಧಾರವಾಡ, ಬೆಳಗಾವಿ ಎಲ್ಲಾ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಅಂತ ಒಬ್ಬ ಮಹಾರ್ ಹುಡುಗ 1856ರ ಜೂನ್‌ನಲ್ಲಿ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರದ ಉತ್ತರ ಜುಲೈನಲ್ಲಿ ಬಂತು. ಅದರ ತಿರುಳು ಇಷ್ಟು: ನ್ಯಾಯ ಹುಡುಗನ ಕಡೆಗೇ ಐತಿ, ಆದರೆ ಒಬ್ಬನಿಗೋಸ್ಕರ ಅವನನ್ನು ಮೇಲ್ಜಾತಿ ಮಕ್ಕಳ ನಡುವೆ ಬಲವಂತದಿಂದ ಕೂರಿಸಿದರೆ ಉಳಿದವರು ಶಾಲೆ ಬಿಟ್ಟಾರು, ಶಾಲೆ ಯಾರಿಗೂ ಉಪಯೋಗ ಇಲ್ಲದಂಗ ಆದೀತು.

ಆ ಹುಡುಗನ ಬುದ್ಧಿ ಸಾಲದು ಅಂತ ಯಾರೂ ಹೇಳಲಿಲ್ಲ ನೋಡ್ರಿ. ಫೀಸು, ಪುಸ್ತಕದ ಮಾತೂ ಅಲ್ಲ. ತಕರಾರು ಇದ್ದದ್ದು ಒಟ್ಟಿಗೆ ಕೂರೋದರ ಬಗ್ಗೆ. 1858ರಲ್ಲಿ ಲಂಡನ್ನಿನಿಂದ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅನ್ನೋ ನಿಲುವು ಬಂತು. ಕಾಗದದ ಮೇಲೆ ಬಾಗಿಲು ತೆರೆಯಿತು. ಒಳಗೆ ಎಲ್ಲಿ ಕೂರಬೇಕು ಅನ್ನೋದನ್ನ ಮಾತ್ರ ಊರೇ ತೀರ್ಮಾನ ಮಾಡ್ತಿತ್ತು.

*ಗೋಣಿತಟ್ಟಿನ ಅಳತೆ*

ಒಳಗೆ ಹೋದವರ ಕಥೆ ಏನಾಯ್ತು ಅಂತ ನಮಗೆ ಬಾಬಾಸಾಹೇಬರೇ ಬರೆದಿಟ್ಟು ಹೋಗ್ಯಾರ. ಸಾತಾರದ ಶಾಲೆಯಲ್ಲಿ ಅವರಿಗೆ ಬೇರೆ ಜಾಗ, ಕೂರಲಿಕ್ಕೆ ಮನೆಯಿಂದ ತಂದ ಗೋಣಿತಟ್ಟು. ಸಂಜೆ ಆ ತಟ್ಟನ್ನೂ ಮನೆಗೆ ಒಯ್ಯಬೇಕಿತ್ತು, ಯಾಕಂದ್ರ ಶಾಲೆ ಗುಡಿಸೋನು ಅದನ್ನ ಮುಟ್ಟುತ್ತಿರಲಿಲ್ಲ. ನೀರಡಿಸಿದರೆ ಜವಾನ ಬಂದು ನಳ ತೆಗೀಬೇಕು. ಜವಾನ ಇಲ್ಲಂದ್ರ ನೀರೂ ಇಲ್ಲ.

ಮುಂದೆ ಮುಂಬೈಯ ಎಲ್ಫಿನ್‌ಸ್ಟನ್ ಶಾಲೆಯಲ್ಲಿ ಗುರುಗಳು ಹಲಗೆ ಮೇಲೆ ಲೆಕ್ಕ ಮಾಡಲು ಕರೆದಾಗ, ಹಲಗೆ ಹಿಂದೆ ಇಟ್ಟಿದ್ದ ಬುತ್ತಿ ಡಬ್ಬಿ ತೆಗೆಯಲು ಉಳಿದ ಹುಡುಗರು ಓಡಿದರು ಅನ್ನೋದು ನಿಮಗೆ ಗೊತ್ತಿರೋ ಸಂಗತಿ. ಲೆಕ್ಕ ಆ ಹುಡುಗನಿಗೆ ಬರ್ತಿತ್ತು. ಅದೇ ಕೋಣೆ, ಅದೇ ಪಾಠ, ಅದೇ ಗುರು. ಆದರೂ ಅದು ಒಂದು ತರಗತಿ ಆಗಿರಲಿಲ್ಲ.

*ನಮ್ಮ ರಾಯಬಾಗ ಆಗ ಯಾರದಿತ್ತು?*

ಇಂದಿನ ಹುಡುಗರಿಗೆ ಇದು ಗೊತ್ತಿಲ್ಲ: ರಾಯಬಾಗ ಬ್ರಿಟಿಷರ ಆಡಳಿತದಲ್ಲಿ ಇರಲಿಲ್ಲ. ಅದು ಕೊಲ್ಹಾಪುರ ಸಂಸ್ಥಾನದ ಒಂದು ಮಹಲ್. 1949ರಲ್ಲಿ ಆ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನ ಆಗೋತನಕ ನಮ್ಮ ಅಜ್ಜಂದಿರಿಗೆ ಕೊಲ್ಹಾಪುರವೇ ರಾಜಧಾನಿ. ಅಂದ್ರೆ ಶಾಹೂ ಮಹಾರಾಜರ ಆದೇಶಗಳು ನಮ್ಮ ಊರಿನ ಚರಿತ್ರೆಯೂ ಹೌದು.

1902ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲಾತಿ ಕೊಟ್ಟದ್ದನ್ನು ನಾವು ಪ್ರತಿ ಜಯಂತಿಗೂ ಭಾಷಣದಲ್ಲಿ ಹೇಳ್ತೀವಿ. 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಮತ್ತು ಕಡ್ಡಾಯ ಮಾಡಿದ್ದನ್ನೂ ಹೇಳ್ತೀವಿ. 1919ರ ಆದೇಶ ಮಾತ್ರ ಮರೀತೀವಿ. ಆ ವರ್ಷ ಅವರು ಅಸ್ಪೃಶ್ಯ ಮಕ್ಕಳ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲೀಬೇಕು ಅಂತ ಹುಕುಂ ಮಾಡಿದರು.

ಪ್ರತ್ಯೇಕ ಶಾಲೆಯಲ್ಲಿ ಅಕ್ಷರ ಸಿಗ್ತಿತ್ತಲ್ಲ, ಯಾಕೆ ಮುಚ್ಚಿಸಬೇಕು? ಯಾಕಂದ್ರ ಅಕ್ಷರದ ಜೊತೆ ‘ನೀನು ಬೇರೆ’ ಅನ್ನೋ ಪಾಠವೂ ದಿನಾ ಸಿಗ್ತಿತ್ತು. ಬರೀ ಹುಕುಂ ಸಾಲದು ಅಂತನೂ ಮಹಾರಾಜರಿಗೆ ಗೊತ್ತಿತ್ತು. ಅದಕ್ಕೇ ಗಂಗಾರಾಮ ಕಾಂಬಳೆ ಅವರಿಂದ ಚಹಾದಂಗಡಿ ಹಾಕಿಸಿ, ತಾವೇ ಅಲ್ಲಿಗೆ ಹೋಗಿ ಚಹಾ ಕುಡಿದರು.

*ನಿಪ್ಪಾಣಿ ಮತ್ತು ಹಾಕಿ ಕ್ಲಬ್ಬು*

1923ರ ಆಗಸ್ಟ್‌ನಲ್ಲಿ ಮುಂಬೈ ಶಾಸನಸಭೆ ಎಸ್.ಕೆ. ಬೋಲೆ ಅವರ ಠರಾವು ಪಾಸು ಮಾಡಿತು. ಸಾರ್ವಜನಿಕ ಕೆರೆ, ಬಾವಿ, ಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನೋ ಠರಾವು. ಮಹಾಡ್ ಚವದಾರ ಕೆರೆಯ ಹೋರಾಟದ ಬುಡದಲ್ಲಿ ಇರೋದು ಇದೇ. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲಿ ನಡೆದ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತಿಗೆ ಬಾಬಾಸಾಹೇಬರೇ ಅಧ್ಯಕ್ಷರು.

ಅದಕ್ಕೂ ಮೊದಲು, 1924ರಲ್ಲಿ ಅವರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ್ದರು. ಸಭಾ ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯ ತೆರೆಯಿತು, ವಾಚನಾಲಯ ನಡೆಸಿತು. ಅದರ ಜೊತೆಗೆ ಮುಂಬೈಯಲ್ಲಿ ‘ಮಹಾರ್ ಹಾಕಿ ಕ್ಲಬ್’ ಅಂತ ಒಂದು ಕ್ಲಬ್ಬೂ ಮಾಡಿತು. ‘ಶಿಕ್ಷಣ, ಸಂಘಟನೆ, ಹೋರಾಟ’ ಅಂತ ಗೋಡೆ ಮೇಲೆ ಬರೀತೀವಿ. ಆ ಸಂಘಟನೆಯಲ್ಲಿ ಆಟಕ್ಕೂ ಜಾಗ ಇತ್ತು. ಆಟ ಅಂದ್ರೆ ಹೊತ್ತು ಕಳೆಯೋದು ಅಂತ ಅವರು ತಿಳಿದಿರಲಿಲ್ಲ.

*ಆಟವೊಂದೇ ಸಾಕಾ?*

ಸಾಕಾಗಲ್ಲ. ಇದಕ್ಕೂ ನಮ್ಮ ಕಡೆಯ ಉದಾಹರಣೆಯೇ ಐತಿ. ಧಾರವಾಡದಲ್ಲಿ ಹುಟ್ಟಿದ ಪಲವಂಕರ ಬಾಳೂ, ಚಮ್ಮಾರ ಸಮಾಜದವರು, ಆ ಕಾಲದ ದೊಡ್ಡ ಬೌಲರ್. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಮೈದಾನದೊಳಗೆ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಗೆಲ್ಲಲಿಕ್ಕೆ ಅವರ ಕೈ ಬೇಕಿತ್ತು, ಕೂಡಿ ಉಣ್ಣಲಿಕ್ಕೆ ಬೇಡಾಗಿತ್ತು. ಆಟ ಮುಗಿದ ಮೇಲೆ ಏನಾಗ್ತೈತಿ ಅನ್ನೋದರ ಮೇಲೆ ಆಟದ ಬೆಲೆ ನಿಂತೈತಿ.

ಸಂವಿಧಾನದ 17ನೇ ವಿಧಿ ಬಂದ ಮೇಲೆ ಗೋಣಿತಟ್ಟು ಕಾನೂನಿನ ಪ್ರಕಾರ ಹೋಯ್ತು. ನಾನು ಸಾಲಿ ಕಲಿತದ್ದು 80ರ ದಶಕದಲ್ಲಿ. ಯಾರೂ ನಮ್ಮನ್ನ ಹೊರಗೆ ಕೂರಿಸಲಿಲ್ಲ. ಆದರೆ ಕೇರಿ ಹುಡುಗರು ಹಿಂದಿನ ಸಾಲು ಬಿಟ್ಟು ಮುಂದೆ ಬರಲಿಲ್ಲ. ಸ್ಕಾಲರ್‌ಶಿಪ್ ಬಂದಾಗ “ಎಸ್ಸಿ ಹುಡುಗರು ಕೈ ಎತ್ರಿ” ಅಂತಿದ್ದರು. ಇಡೀ ತರಗತಿ ಹಿಂದಕ್ಕೆ ತಿರುಗಿ ನೋಡ್ತಿತ್ತು. ಏಳು ವರ್ಷದಲ್ಲಿ ನಮ್ಮ ಕೈ ತರಗತಿಯ ಲೆಕ್ಕಕ್ಕೆ ಬಂದದ್ದು ಆವಾಗ ಮಾತ್ರ.

*ಅಮೆರಿಕಾದ ಟೆಕ್ಸಾಸ್, ನಮ್ಮ ಹೆಗ್ಗಡದೇವನಕೋಟೆ*

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕಾದಲ್ಲಿ 1954ರ ಸುಪ್ರೀಂ ಕೋರ್ಟ್ ತೀರ್ಪು ಕಪ್ಪು ಮಕ್ಕಳ ಪ್ರತ್ಯೇಕ ಶಾಲೆ ಸಂವಿಧಾನಬಾಹಿರ ಅಂತ ಹೇಳಿತು. ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಲ್ಲಿ ಬಿಳಿ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಕೋಣೆಗೆ ಬಂದಾಗ ಸ್ನೇಹದ ಬದಲು ಜಗಳ ಹೆಚ್ಚಾಯ್ತು. 1971ರಲ್ಲಿ ಎಲಿಯಟ್ ಆರನ್ಸನ್ ಅನ್ನೋ ಮನೋವಿಜ್ಞಾನಿ ಒಂದು ಉಪಾಯ ಮಾಡಿದರು. ಐದಾರು ಮಕ್ಕಳ ಮಿಶ್ರ ಗುಂಪು ಮಾಡಿ, ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪಕ್ಕದವನು ಹೇಳೋದನ್ನ ಕೇಳದಿದ್ದರೆ ನಿನ್ನ ಪಾಠ ಪೂರ್ತಿ ಆಗಲ್ಲ. ಒಬ್ಬರಿಗೆ ಇನ್ನೊಬ್ಬರ ಅಗತ್ಯ ಹುಟ್ಟಿದ ಮೇಲೆ ದ್ವೇಷ ಇಳೀತು. ‘ಜಿಗ್‌ಸಾ’ ತರಗತಿ ಅಂತ ಅದಕ್ಕೆ ಹೆಸರು.

ನಮ್ಮ ರಾಜ್ಯದಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿ ಶಾಲೆ ನೋಡಿ ಬಂದು ‘ನಲಿ-ಕಲಿ’ ಶುರು ಮಾಡಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಸಣ್ಣ ತರಗತಿಗಳಿಗೆಲ್ಲ ಬಂತು. ನಲಿ-ಕಲಿಯ ಕುಂದು-ಕೊರತೆ ಬೇರೆ ಚರ್ಚೆ. ನಾನು ಹೇಳೋದು ಒಂದೇ ವಿಷಯ: ಅಲ್ಲಿ ಸಾಲು ಹೋಯ್ತು, ದುಂಡು ಬಂತು. ಶಿಕ್ಷಕರೂ ನೆಲದ ಮೇಲೆ ಮಕ್ಕಳ ಜೊತೆ ಕೂತರು. ಗುಂಪು ಆಗೋದು ಕಲಿಕೆಯ ಮಟ್ಟ ನೋಡಿ, ಕೇರಿ ನೋಡಿ ಅಲ್ಲ. ದುಂಡಿಗೆ ಹಿಂದಿನ ಸಾಲು ಅನ್ನೋದೇ ಇಲ್ಲ.

*ಯಾವ ಆಟ, ಹೆಂಗ ಆಡಿಸಬೇಕು*

ಈಗ ಆಟದ ಮಾತಿಗೆ ಬರೋಣ. ಎಲ್ಲ ಪರಿಚಯದ ಆಟವೂ ಒಳ್ಳೇದಲ್ಲ.

‘ನಿಮ್ಮಪ್ಪ ಏನ್ ಕೆಲಸ ಮಾಡ್ತಾರ? ನಿನ್ನೆ ಮನ್ಯಾಗ ಏನ್ ಉಂಡಿ?’ ಅಂತ ಒಬ್ಬೊಬ್ಬರನ್ನ ನಿಲ್ಲಿಸಿ ಕೇಳೋದೂ ಪರಿಚಯದ ಆಟವೇ. ಕೇಳೋರಿಗೆ ಅದು ಮುಗ್ಧ ಪ್ರಶ್ನೆ. ನಮ್ಮ ಮಗುವಿಗೆ ಅದು “ಕೈ ಎತ್ರಿ” ಅಂದಂಗ. ಬೆಳಗಾವಿ ಜಿಲ್ಲೆಯಲ್ಲಿ ಎಲ್ಲಮ್ಮನ ಹೆಸರಲ್ಲಿ ಬಿಟ್ಟ ತಾಯಂದಿರ ಮಕ್ಕಳು ಅದಾರ. 1982ರ ಕಾಯ್ದೆ ದೇವದಾಸಿ ಬಿಡೋದನ್ನ ಅಪರಾಧ ಮಾಡಿತು, ಆದರೆ ಅಪ್ಪನ ಹೆಸರು ಕೇಳಿದಾಗ ಆ ಮಗು ಎಷ್ಟು ಕುಗ್ಗುತ್ತೈತಿ ಅನ್ನೋದು ಯಾವ ಕಾಯ್ದೆಯಲ್ಲೂ ಬರಂಗಿಲ್ಲ. ಅಡ್ಡಹೆಸರೂ ಅಷ್ಟೇ. ಕಾಂಬಳೆ, ಮಾದರ, ಹರಿಜನ ಅಂದರೆ ನಮ್ಮ ಕಡೆ ಆರು ವರ್ಷದ ಮಗುವಿಗೂ ಕೇರಿ ಗೊತ್ತಾಗ್ತೈತಿ. ಆದ್ದರಿಂದ ಹೆಸರಿನ ಆಟದಲ್ಲಿ ಮಗುವಿನ ಹೆಸರು ಮಾತ್ರ ಸಾಕು. ಹೆಸರಿನ ಜೊತೆ ಒಂದು ಕುಣಿತವೋ, ಪ್ರಾಣಿಯ ಕೂಗೋ ಇದ್ದರೆ ಇನ್ನೂ ಚಲೋ.

ಇಬ್ಬರು ಲೀಡರ್ ನಿಂತು ಒಬ್ಬೊಬ್ಬರನ್ನ ಆರಿಸಿಕೊಳ್ಳೋ ಪದ್ಧತಿ ಮೊದಲ ವಾರ ಬೇಡ. ಕೊನೆಗೆ ಉಳಿಯೋರು ಯಾರು ಅಂತ ನಮಗೆ ಗೊತ್ತು. ಅದರ ಬದಲು ‘ದೋಣಿ ಮುಳುಗಾಕತ್ತೈತಿ’ ಆಡಿಸ್ರಿ. ಶಿಕ್ಷಕರು “ನಾಲ್ಕು!” ಅಂತ ಕೂಗಿದ ತಕ್ಷಣ ನಾಲ್ಕು ನಾಲ್ಕು ಮಂದಿ ಗಟ್ಟಿ ಹಿಡ್ಕೋಬೇಕು. ಜಾತಿ ನೋಡಿ ಆರಿಸಲಿಕ್ಕೆ ಹೊತ್ತೇ ಸಿಗಂಗಿಲ್ಲ. ಆದರೂ ಒಬ್ಬನೇ ಮಗು ಪ್ರತಿ ಸಲ ಹೊರಗೆ ಉಳಿದರೆ ಅದನ್ನ ಗಮನಿಸಬೇಕು. ಉಳಿದವನನ್ನ ಔಟ್ ಮಾಡೋ ಬದಲು ಮುಂದಿನ ಅಂಕಿ ಕೂಗೋ ಕೆಲಸ ಅವನಿಗೇ ಕೊಡ್ರಿ.

ಒಬ್ಬರ ಕಣ್ಣು ಕಟ್ಟಿ ಇನ್ನೊಬ್ಬರು ಕೈ ಹಿಡಿದು ಅಂಗಳ ಸುತ್ತಿಸೋ ಆಟದಲ್ಲಿ ಜೋಡಿ ಮಾಡೋದು ಚೀಟಿ ಎತ್ತಿ. ಕಬ್ಬು ಕಡಿಯೋ ಗ್ಯಾಂಗಿನ ಮಗು ನಡುವರ್ಷದಲ್ಲಿ ಬಂದು ಸೇರಿದರೆ ಆಟ ಮತ್ತೆ ಮೊದಲಿನಿಂದ ಆಡಿಸಬೇಕು. ಮುಟ್ಟಾಟ, ಹುತುತು, ಖೋ-ಖೋ ನಮ್ಮವೇ ಆಟ. ಮುಟ್ಟದೆ ಆಡಲಿಕ್ಕೇ ಬರದ ಆಟ. ‘ಮುಟ್ಟಬ್ಯಾಡ’ ಅಂತ ಹೇಳಿಸಿಕೊಂಡ ಜನರ ಮಕ್ಕಳು ಮುಟ್ಟಿ ಗೆಲ್ಲೋ ಆಟ ಆಡೋದು ಸಣ್ಣ ಮಾತಲ್ಲ.

ಮತ್ತೆ ಬಾಳೂ ಅವರ ಮಣ್ಣಿನ ಕುಡಿಕೆ ಮರೀಬ್ಯಾಡ್ರಿ. ಬೆಳಿಗ್ಗೆ ದುಂಡಗೆ ಕೈ ಹಿಡಿದ ಮಕ್ಕಳು ಮಧ್ಯಾಹ್ನ ಬಿಸಿಯೂಟಕ್ಕೂ ಹಂಗೇ ಬೆರೆತು ಕೂರಬೇಕು. ಅಲ್ಲಿ ಕೇರಿ ಪ್ರಕಾರ ಸಾಲು ಆದರೆ ಬೆಳಗಿನ ಆಟ ಬರೀ ಫೋಟೋಕ್ಕೆ ಆಯ್ತು.

*ನಮ್ಮ ಕೆಲಸ*

ನಾನು ಆಫೀಸಿನಲ್ಲಿ ಫೈಲು ನೋಡೋ ಮನುಷ್ಯ. ಜಾತಿ ಕಾಲಂ ಯಾಕೆ ಬೇಕು ಅಂತ ನನಗೆ ಗೊತ್ತು. ಸ್ಕಾಲರ್‌ಶಿಪ್, ಹಾಸ್ಟೆಲ್, ಮೀಸಲಾತಿ ನಮ್ಮ ಹಕ್ಕು, ಅದಕ್ಕೆ ದಾಖಲೆ ಬೇಕೇ ಬೇಕು. ಆದರೆ ಆ ದಾಖಲೆಯ ಜಾಗ ಹೆಡ್‌ಮಾಸ್ತರ್ ಕೋಣೆಯ ಕಪಾಟು, ತರಗತಿ ಅಲ್ಲ. ಮಾಹಿತಿ ಬೇಕಾದರೆ ಪಾಲಕರನ್ನ ಕರೆಸಿ ಕೇಳಲಿ.

ಪ್ರತಿ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ನಮ್ಮವರಿಗೆ ಸ್ಥಾನ ಐತಿ. ಬಹಳ ಕಡೆ ಅವರು ಬರೀ ಸಹಿ ಮಾಡಿ ಬರ್ತಾರೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳ್ರಿ. ತರಗತಿಯಲ್ಲಿ ಮಕ್ಕಳು ಯಾವ ಕ್ರಮದಲ್ಲಿ ಕೂರ್ತಾರೆ, ಆ ಕ್ರಮ ಎಷ್ಟು ದಿನಕ್ಕೆ ಬದಲಾಗ್ತೈತಿ? ಬಿಸಿಯೂಟಕ್ಕೆ ಹೆಂಗ ಕೂರ್ತಾರೆ? ಜಾತಿ ಹೆಸರಲ್ಲಿ ಮಕ್ಕಳನ್ನ ಎದ್ದು ನಿಲ್ಲಿಸೋದು ನಿಂತೈತೋ ಇಲ್ಲೋ? ಮಗುವಿಗೆ ಮಾನಸಿಕ ಹಿಂಸೆ ಕೊಡೋದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧ ಮಾಡೈತಿ. ಸಂವಿಧಾನದಲ್ಲೂ 17, ಇಲ್ಲೂ 17. ಬಾಯಿಪಾಠ ಮಾಡ್ಕೊಳ್ರಿ.

ಪ್ರಾಮಾಣಿಕವಾಗಿ ಈ ಆಟ ಆಡಿಸೋ ಶಿಕ್ಷಕರು, ಅಕ್ಕೋರು ನಮ್ಮ ತಾಲ್ಲೂಕಿನಲ್ಲಿ ಬಹಳ ಮಂದಿ ಅದಾರ. ಅವರಿಗೆ “ಕುಣಿಸ್ತೀರೇನ್ರಿ” ಅನ್ನಬ್ಯಾಡ್ರಿ. ಹೋಗಿ ಅಂಗಳದಲ್ಲಿ ನಿಂತು ನೋಡ್ರಿ, ಚಲೋ ಮಾಡಾಕತ್ತೀರಿ ಅಂತ ಹೇಳ್ರಿ. 1856ರಲ್ಲಿ ಸರ್ಕಾರ ಹೆದರಿದ್ದು, ಇವನ ಪಕ್ಕ ಯಾರೂ ಕೂರಂಗಿಲ್ಲ ಅಂತ. ಆ ಹೆದರಿಕೆಗೆ ಉತ್ತರ ಕೊಡೋ ಕೆಲಸ ಈಗ ಆರು ವರ್ಷದ ಮಕ್ಕಳ ಕೈಯಲ್ಲೈತಿ. ಅವರು ಕೈ ಚಾಚಲಿ, ದೊಡ್ಡೋರು ಅಡ್ಡ ಬರೋದು ಬ್ಯಾಡ.

ಜೈ ಭೀಮ್. ಜೈ ಶಾಹೂ.