ಗೃಹಸ್ಥಧರ್ಮವೂ ತೆರಿಗೆಯ ರಿಯಾಯಿತಿಯೂ

ಭಾರತದಲ್ಲಿ ಆಧುನಿಕ ಆದಾಯ ತೆರಿಗೆಯ ಚರಿತ್ರೆ 1860ರಲ್ಲಿ ಆರಂಭವಾಗುತ್ತದೆ. 1857ರ ದಂಗೆಯ ತರುವಾಯ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಈ ತೆರಿಗೆಯನ್ನು ಜಾರಿಗೆ ತಂದನು. ಅದು 1865ರಲ್ಲಿ ನಿಂತುಹೋಯಿತು. ಸ್ಥಿರವಾದ ಕಾಯಿದೆ ಬಂದುದು 1886ರಲ್ಲಿ. ಗೃಹಸ್ಥರು ಇಂದಿಗೂ ಸ್ಮರಿಸಬೇಕಾದ ಮೂರು ಅಂಶಗಳು ಆ ಕಾಯಿದೆಯಲ್ಲಿದ್ದವು. ಜೀವವಿಮೆಗೆ ಕಟ್ಟಿದ ಕಂತಿಗೆ ಆದಾಯದ ಆರನೆಯ ಒಂದು ಭಾಗದವರೆಗೆ ವಿನಾಯಿತಿ ದೊರೆಯಿತು. ಧಾರ್ಮಿಕ ಹಾಗೂ ಸಾರ್ವಜನಿಕ ದತ್ತಿ ಕಾರ್ಯಗಳಿಗೆಂದೇ ಮೀಸಲಾದ ಆಸ್ತಿಯ ಆದಾಯಕ್ಕೆ ತೆರಿಗೆ ಬೀಳಲಿಲ್ಲ. ಹಿಂದೂ ಅವಿಭಕ್ತ ಕುಟುಂಬವು ತೆರಿಗೆದಾರನಾಗಿ ಪ್ರತ್ಯೇಕ ಸ್ಥಾನ ಪಡೆಯಿತು. ಮನುಷ್ಯನು ಗಳಿಸಿದ್ದೆಲ್ಲವೂ ಅವನೊಬ್ಬನದೇ ಅಲ್ಲ, ಅದರಲ್ಲಿ ಆಶ್ರಿತರಿಗೂ ಧರ್ಮಕ್ಕೂ ಪಾಲುಂಟು ಎಂಬ ಭಾವನೆಯನ್ನು ಕಾನೂನು ಹೀಗೆ ಒಪ್ಪಿಕೊಂಡಿತು.

ಅವಿಭಕ್ತ ಕುಟುಂಬದ ಈ ಸ್ಥಾನವು ಜೈನರಿಗೂ ಅನ್ವಯಿಸುವುದೇ ಎಂಬ ಪ್ರಶ್ನೆ ಸಂಪತ್ತು ತೆರಿಗೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಜೈನ ಅವಿಭಕ್ತ ಕುಟುಂಬವೂ ಆ ಪದದಲ್ಲಿ ಅಡಕವಾಗಿದೆಯೆಂದು 1972ರಲ್ಲಿ ತೀರ್ಪಾಯಿತು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತುದರಿಂದ ಇದು ಬದಲಾಗಲಿಲ್ಲ. ಆದರೆ ಸ್ವಂತ ಗಳಿಕೆಯ ಆಸ್ತಿಯನ್ನು ಕುಟುಂಬದ ಹೆಸರಿಗೆ ವರ್ಗಾಯಿಸಿದ ಮಾತ್ರಕ್ಕೆ ತೆರಿಗೆ ತಪ್ಪದು. 1969ರ ಡಿಸೆಂಬರ್ 31ರ ನಂತರ ತಕ್ಕ ಪ್ರತಿಫಲವಿಲ್ಲದೆ ಹಾಗೆ ಸೇರಿಸಿದ ಆಸ್ತಿಯ ಆದಾಯವನ್ನು ಕೊಟ್ಟವನ ಆದಾಯಕ್ಕೇ ಕೂಡಿಸಬೇಕೆಂದು ಕಾನೂನು ವಿಧಿಸಿತು.

1961ರ ಕಾಯಿದೆಯು ಕಾಲಕ್ರಮದಲ್ಲಿ ಗೃಹಸ್ಥನ ಕರ್ತವ್ಯಗಳಿಗೆ ಇನ್ನಷ್ಟು ಮನ್ನಣೆ ನೀಡಿತು. ಇವುಗಳಲ್ಲಿ ಹಲವನ್ನು ಅನೇಕ ಕುಟುಂಬಗಳು ಅರಿಯವು. ಅಂಗವೈಕಲ್ಯವುಳ್ಳ ಮಗು, ಪತಿ ಅಥವಾ ಪತ್ನಿ, ತಂದೆತಾಯಿ, ಒಡಹುಟ್ಟಿದವರು ಆಶ್ರಿತರಾಗಿದ್ದು ಅವರ ಆರೈಕೆಗೆ ವೆಚ್ಚವಾಗಿದ್ದರೆ, ವೆಚ್ಚದ ಮೊತ್ತ ಎಷ್ಟೇ ಇರಲಿ, 80ಡಿಡಿ ಕಲಮಿನಂತೆ 75,000 ರೂಪಾಯಿಗಳ ಕಡಿತವುಂಟು. ವೈಕಲ್ಯ ಶೇಕಡ 80ಕ್ಕೆ ಮುಟ್ಟಿದ್ದರೆ ಅದು 1,25,000 ರೂಪಾಯಿ. ಇದಕ್ಕೆ ವೈದ್ಯಾಧಿಕಾರಿಯ ಪ್ರಮಾಣಪತ್ರ ಅಗತ್ಯ. ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ ಮುಂತಾದ ನಿರ್ದಿಷ್ಟ ರೋಗಗಳ ಚಿಕಿತ್ಸೆಗೆ 80ಡಿಡಿಬಿ ಕಲಮಿನಂತೆ 40,000 ರೂಪಾಯಿಗಳವರೆಗೆ, ರೋಗಿಯು 60 ವರ್ಷ ತುಂಬಿದವನಾದರೆ 1,00,000 ರೂಪಾಯಿಗಳವರೆಗೆ ಕಡಿತವುಂಟು. ಆರೋಗ್ಯ ವಿಮೆಯಿಲ್ಲದ ವೃದ್ಧ ತಂದೆತಾಯಿಯರ ಔಷಧೋಪಚಾರಕ್ಕೆ 50,000 ರೂಪಾಯಿಗಳವರೆಗೆ ನಗದಲ್ಲದ ರೂಪದಲ್ಲಿ ಮಾಡಿದ ವೆಚ್ಚವನ್ನು 80ಡಿ ಕಲಮು ಪರಿಗಣಿಸುತ್ತದೆ. ಮಕ್ಕಳ ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಗೆ 80ಇ ಕಲಮಿನಲ್ಲಿ ಎಂಟು ವರ್ಷಗಳವರೆಗೆ ಮೊತ್ತದ ಮಿತಿಯೇ ಇಲ್ಲ. ಮನೆಬಾಡಿಗೆ ಭತ್ಯೆ ಪಡೆಯದೆ ಬಾಡಿಗೆ ಮನೆಯಲ್ಲಿರುವ ಸಣ್ಣ ವ್ಯಾಪಾರಿಯೂ ಕೆಲವು ನಿಬಂಧನೆಗಳಿಗೆ ಒಳಪಟ್ಟು 80ಜಿಜಿ ಕಲಮಿನಂತೆ ತಿಂಗಳಿಗೆ 5,000 ರೂಪಾಯಿಗಳವರೆಗೆ ಕಡಿತ ಕೇಳಬಹುದು.

ಆದರೆ 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತಗಳು ಇಲ್ಲ. 2023-24ರ ಆರ್ಥಿಕ ವರ್ಷದಿಂದ ಆ ಪದ್ಧತಿಯೇ ಸಾಮಾನ್ಯ ನಿಯಮವಾಯಿತು. ಆದುದರಿಂದ ಕಡಿತ ಬೇಕೆಂಬವರು ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಬೇಕು. ಯಾವುದು ಲಾಭವೆಂದು ಎರಡನ್ನೂ ಲೆಕ್ಕ ಹಾಕಿ ನೋಡಬೇಕು. 2025ರ ಹೊಸ ಕಾಯಿದೆಯು ಕಲಮುಗಳ ಸಂಖ್ಯೆಯನ್ನೂ ಬದಲಿಸಿದೆ. ಇಲ್ಲಿ ಕೊಟ್ಟಿರುವ ಸಂಖ್ಯೆಗಳು 1961ರ ಕಾಯಿದೆಯವು.

ಇನ್ನು ದಾನದ ವಿಚಾರ. ಬಸದಿಗೆ ಕೊಟ್ಟ ಹಣಕ್ಕೆಲ್ಲ ರಿಯಾಯಿತಿಯುಂಟೆಂಬ ನಂಬಿಕೆ ಸರಿಯಲ್ಲ. 80ಜಿ ಕಲಮು ಕೇವಲ ಧಾರ್ಮಿಕ ಉದ್ದೇಶವನ್ನು ದತ್ತಿ ಕಾರ್ಯವೆಂದು ಎಣಿಸುವುದಿಲ್ಲ. ಕೇಂದ್ರ ಸರ್ಕಾರವು ಅಧಿಸೂಚನೆಯಲ್ಲಿ ಹೆಸರಿಸಿದ ಪೂಜಾಸ್ಥಾನದ ದುರಸ್ತಿ ಇಲ್ಲವೆ ಜೀರ್ಣೋದ್ಧಾರಕ್ಕೆ ಕೊಟ್ಟದ್ದಕ್ಕೆ ಮಿತಿಗೊಳಪಟ್ಟು ಅರ್ಧದಷ್ಟು ಕಡಿತವುಂಟು. ಪೂಜೆ, ಅಭಿಷೇಕಗಳಿಗೆ ಇಲ್ಲ. ಧಾನ್ಯ ಅಥವಾ ವಸ್ತುರೂಪದ ದಾನಕ್ಕಾಗಲಿ, 2,000 ರೂಪಾಯಿ ಮೀರಿದ ನಗದು ದಾನಕ್ಕಾಗಲಿ ಕಡಿತವಿಲ್ಲ. ಇದನ್ನು ದಾತೃವಿಗೆ ಮೊದಲೇ ತಿಳಿಸುವುದು ಟ್ರಸ್ಟಿನವರ ಹೊಣೆ.

ರಿಯಾಯಿತಿ ಪಡೆದರೆ ದಾನದ ಫಲ ಕುಂದುವುದೇ ಎಂದು ಶಂಕಿಸುವವರುಂಟು. ನಿಜವಾಗಿ ಕೊಟ್ಟು, ನಿಜವಾದ ರಸೀದಿ ತೋರಿಸಿ, ಕಾನೂನಿತ್ತುದನ್ನು ಪಡೆಯುವುದರಲ್ಲಿ ದೋಷವಿಲ್ಲ. ದೋಷವಿರುವುದು 10,000 ರೂಪಾಯಿಗೆ ರಸೀದಿ ಬರೆದು 9,000 ರೂಪಾಯಿಗಳನ್ನು ಹಿಂದಿರುಗಿಸುವ ವ್ಯವಹಾರದಲ್ಲಿ. ಶೇಕಡ 20ರ ದರದಲ್ಲಿ ತೆರಿಗೆ ಕಟ್ಟುವವನಿಗೆ ಅಂತಹ ರಸೀದಿಯಿಂದ, ಅರ್ಧದಷ್ಟು ಕಡಿತದಂತೆ, ಉಳಿಯುವುದು ಸುಮಾರು 1,000 ರೂಪಾಯಿ. ಅಷ್ಟಕ್ಕಾಗಿ ದಾತೃವು ಸುಳ್ಳಾಡುತ್ತಾನೆ, ಸಂಸ್ಥೆಯು ಅದಕ್ಕೆ ಸಾಕ್ಷಿಯಾಗುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾತಿಗಳು ತತ್ವಾರ್ಥಸೂತ್ರದಲ್ಲಿ ಸುಳ್ಳು ತೂಕ, ಸುಳ್ಳು ಅಳತೆಗಳೊಡನೆ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದ್ದಾರೆ. ತಕ್ಕಡಿಯಲ್ಲಿ ಮೋಸ ಮಾಡದ ವರ್ತಕನು ತೆರಿಗೆಯ ಪತ್ರದಲ್ಲಿ ಮಾತ್ರ ಮೋಸ ಮಾಡಬಹುದೆಂಬ ವಿನಾಯಿತಿ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಅಜ್ಞಾನದಿಂದ ನ್ಯಾಯವಾದ ಕಡಿತವನ್ನು ಬಿಟ್ಟರೆ ರೋಗಿಯ ಔಷಧಕ್ಕೂ ಮಗುವಿನ ಆರೈಕೆಗೂ ಒದಗಬಹುದಾಗಿದ್ದ ಹಣ ಕೈತಪ್ಪುತ್ತದೆ. ಲೋಭದಿಂದ ಅನ್ಯಾಯವಾದುದನ್ನು ಕೇಳಿದರೆ ವ್ರತವೇ ಕೆಡುತ್ತದೆ. ಲೆಕ್ಕದ ಪುಸ್ತಕವನ್ನು ವರ್ಷಕ್ಕೊಮ್ಮೆ ಮುಚ್ಚುವ ಮೊದಲು ಶ್ರಾವಕನು ಈ ಎರಡನ್ನೂ ನೆನೆಯುವುದು ಶ್ರೇಯಸ್ಕರ.